ಬ್ಲ್ಯಾಕ್‌ಫೀಲ್ಡ್ 2

ಇಂಗ್ಲೆಂಡಿನ ಸ್ಟೀವನ್ ವಿಲ್ಸನ್ ಮತ್ತು ಇಸ್ರೇಲಿನ ಅವಿವ್ ಗೆಫೆನ್ ಕಟ್ಟಿದ ಬ್ಲ್ಯಾಕ್‌ಫೀಲ್ಡ್ ಜೋಡಿಯ ಎರಡನೆಯ ಆಲ್ಬಂ. ಬಿಡುಗಡೆ 2007ರ ಆರಂಭದಲ್ಲಿ. ಪೊರ್ಕ್ಯುಪೈನ್ ಟ್ರೀ ತಂಡದ ನಾಯಕನಾಗಿ ವಿಲ್ಸನ್ ಪ್ರೋಗ್ರೆಸಿವ್ ರಾಕ್ ಲೋಕದಲ್ಲಿ ಪ್ರಸಿದ್ಧ. ಗೆಫೆನ್ ತನ್ನ ನಾಡಿನಲ್ಲಿ ಹೀಬ್ರೂ ಹಾಡುಗಳಿಂದ ಮನೆಮಾತಾದ ಗಾಯಕ. ಜೋಡಿಯ ಮೊದಲ ಆಲ್ಬಂ 2004ರಲ್ಲಿ ಬಂದಿತ್ತು.

ಇದರಲ್ಲಿ ಹತ್ತು ಹಾಡುಗಳಿವೆ. 'ಒನ್ಸ್' ಮೊದಲನೆಯದು, 'ಎಂಡ್ ಆಫ್ ದ ವರ್ಲ್ಡ್' ಕೊನೆಯದು. ಈ ಕೊನೆಯ ಹಾಡು ಗೆಫೆನ್‌ನ ಹಳೆಯ ಹೀಬ್ರೂ ರಚನೆಯ ಇಂಗ್ಲಿಷ್ ರೂಪ. 'ಮೈ ಗಿಫ್ಟ್ ಆಫ್ ಸೈಲೆನ್ಸ್' ವಿಲ್ಸನ್‌ನ ರಚನೆ. ಬಾಸ್ ಗಿಟಾರ್‌ನಲ್ಲಿ ಸೆಫಿ ಎಫ್ರಾಟಿ, ಡ್ರಮ್ಸ್‌ನಲ್ಲಿ ಟೋಮರ್ ಝಡ್, ಕೀಬೋರ್ಡ್‌ನಲ್ಲಿ ಡೇನಿಯಲ್ ಸಾಲೊಮನ್ ಜೊತೆಗೂಡಿದ್ದಾರೆ.

ಪ್ರೋಗ್ರೆಸಿವ್ ರಾಕ್‌ಗೆ ವಾಡಿಕೆಯಾದ ಸುದೀರ್ಘ ವಾದ್ಯಭಾಗಗಳು ಇಲ್ಲಿಲ್ಲ. ಹಾಡುಗಳು ಚಿಕ್ಕವು, ಧಾಟಿ ನೇರ. ಪಿಯಾನೊ, ಅಕೌಸ್ಟಿಕ್ ಗಿಟಾರ್, ತಂತಿವಾದ್ಯ ಮತ್ತು ಪದರಪದರವಾಗಿ ಸೇರಿಸಿದ ಕಂಠಗಳು ನಾದಕ್ಕೆ ಆಳ ತಂದಿವೆ. ಅಗಲಿಕೆ, ಒಂಟಿತನ, ಸಾವಿನ ಚಿಂತೆ ಇಲ್ಲಿನ ಮುಖ್ಯ ವಸ್ತು. ವಿಲ್ಸನ್‌ನ ನಯವಾದ ದನಿ ನೋವನ್ನು ಸಮಾಧಾನದಿಂದ ಹೇಳಿದರೆ, ಗೆಫೆನ್‌ನ ಒರಟು, ನಡುಗುವ ದನಿ ಅದನ್ನು ಮುಚ್ಚಿಡದೆ ತೋಡಿಕೊಳ್ಳುತ್ತದೆ. ಈ ಎರಡು ಸ್ವಭಾವಗಳ ಹೊಂದಾಣಿಕೆಯೇ ಆಲ್ಬಮ್ಮಿನ ನಿಜವಾದ ಬಲ. ವಿಷಾದವನ್ನು ಇಷ್ಟು ಮಧುರವಾಗಿ, ಮಿತವಾಗಿ ನುಡಿಸಿದ ರಾಕ್ ಕೃತಿಗಳು ವಿರಳ.

ಇದರ ಬೆನ್ನಿಗೇ ನ್ಯೂಯಾರ್ಕ್‌ನಲ್ಲಿ ನಡೆದ ಕಛೇರಿಯೊಂದರ ಚಿತ್ರೀಕರಣವೂ ಡಿವಿಡಿಯಾಗಿ ಹೊರಬಂತು. ಮೂರನೆಯ ಆಲ್ಬಂ 'ವೆಲ್‌ಕಮ್ ಟು ಮೈ ಡಿಎನ್‌ಎ' 2011ರಲ್ಲಿ ಪ್ರಕಟವಾಯಿತು. ಅದರ ಹೆಚ್ಚಿನ ಹಾಡುಗಳನ್ನು ಗೆಫೆನ್ ಬರೆದಿದ್ದಾನೆ.