ಏಳು ಜ್ಯೋತಿರ್ವರ್ಷದ ಇಂಧನ

ಪಿಎಚ್.ಡಿ. ಕೋರ್ಸ್‌ವರ್ಕ್ ಮುಗಿದ ವರ್ಷ, ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ನನ್ನ ನೌಕೆಯ ಇಂಧನ ಖಾಲಿಯಾಯಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ನೌಕೆಯ ದೀಪಗಳೆಲ್ಲ ಆರಿ, ಉಳಿದ ಆಮ್ಲಜನಕವನ್ನು ತೋರಿಸುವ ಗಡಿಯಾರವೊಂದು ಐದು ನಿಮಿಷದಿಂದ ಕೆಳಗೆ ಎಣಿಸತೊಡಗಿತು. ಆಟದ ಹೆಸರು ಎಲೀಟ್ ಡೇಂಜರಸ್. ತಪ್ಪು ಪೂರ್ತಿ ನನ್ನದೇ. ದುಬಾರಿ ಕವಚ, ದೊಡ್ಡ ಬಂದೂಕುಗಳನ್ನೆಲ್ಲ ಹೇರಿಕೊಂಡು ಹೊರಟಿದ್ದ ನಾನು, ನಕ್ಷತ್ರದ ಅಂಚಿನಲ್ಲಿ ಹಾದುಹೋಗುತ್ತ ಇಂಧನ ಹೀರಿಕೊಳ್ಳುವ ಫ್ಯೂಯೆಲ್ ಸ್ಕೂಪ್ ಎಂಬ ಸಾಧನಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ.

ಬಾಹ್ಯಾಕಾಶದ ಆಟಗಳ ಚರಿತ್ರೆಯನ್ನು ಸಾಮಾನ್ಯವಾಗಿ ಚಿತ್ರಗಳು ಹೇಗೆ ಸುಧಾರಿಸುತ್ತ ಬಂದವು ಎಂಬ ಕಥೆಯಾಗಿ ಹೇಳುತ್ತಾರೆ. ಆ ರಾತ್ರಿಯ ನಂತರ ನನಗೆ ಅದನ್ನು ಇಂಧನದ ಕಡೆಯಿಂದ ಹೇಳಬೇಕೆನಿಸಿದೆ. ಇಂಧನಕ್ಕೆ ಮಿತಿಯಿದ್ದಾಗ ಮಾತ್ರ ನೌಕೆಯ ಆಯ್ಕೆಗೆ ಅರ್ಥ ಬರುತ್ತದೆ. ಏನನ್ನು ಒಯ್ಯಬೇಕು ಎನ್ನುವುದಕ್ಕಿಂತ ಏನನ್ನು ಬಿಟ್ಟು ಹೋಗಬೇಕು ಎನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ.

ಈ ಕಥೆ 1962ರಷ್ಟು ಹಳೆಯದು. ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿಗಾಗಿ 'ಸ್ಪೇಸ್‌ವಾರ್' ಬರೆದರು. ಅದರಲ್ಲಿ ಇದ್ದದ್ದು ಎರಡೇ ನೌಕೆ. ಒಂದು ಸೂಜಿಯಂತೆ, ಇನ್ನೊಂದು ಬೆಣೆಯಂತೆ. ನಡುವೆ ಒಂದು ನಕ್ಷತ್ರ, ಎರಡನ್ನೂ ತನ್ನತ್ತ ಸೆಳೆಯುತ್ತಿತ್ತು. ಆಟಗಾರರಿಗೆ ಎಣಿಸಿಕೊಟ್ಟ ಟಾರ್ಪಿಡೊಗಳು, ಅಳೆದುಕೊಟ್ಟ ಇಂಧನ. ಆರಂಭದಲ್ಲೇ ಅಬ್ಬರಿಸಿ ಇಂಧನ ಸುಟ್ಟವನು ಕೊನೆಗೆ ನಕ್ಷತ್ರದ ಸೆಳೆತಕ್ಕೆ ತನ್ನನ್ನು ಒಪ್ಪಿಸಿಕೊಳ್ಳಬೇಕಿತ್ತು. ಆಗಿನ್ನೂ ಆಟವೆಂದರೆ ಯುದ್ಧವಷ್ಟೇ.

ಬದಲಾವಣೆ ಬಂದದ್ದು 1984ರಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೊ ಕಂಪ್ಯೂಟರಿಗಾಗಿ 'ಎಲೀಟ್' ರೂಪಿಸಿದರು. ಇಂದು ಒಂದು ಸಾಧಾರಣ ಫೋಟೊ ಕೂಡ ಅಷ್ಟು ಜಾಗದಲ್ಲಿ ಹಿಡಿಸುವುದಿಲ್ಲ. ಅವರು ಅದರಲ್ಲಿ ಎಂಟು ಗೆಲಾಕ್ಸಿಗಳನ್ನು, ಪ್ರತಿಯೊಂದರಲ್ಲೂ 256 ಲೋಕಗಳನ್ನು ಇಟ್ಟರು. ಲೋಕಗಳನ್ನು ಬರೆದಿಡಲು ಜಾಗವಿಲ್ಲದ್ದರಿಂದ, ಕೆಲವೇ ಅಂಕಿಗಳ ಬೀಜದಿಂದ ಬೇಕಾದಾಗಲೆಲ್ಲ ಅವು ಮತ್ತೆ ಹುಟ್ಟುವಂತೆ ಲೆಕ್ಕ ಕಟ್ಟಿದರು. ಥಾರ್ನ್ ಇಎಂಐ ಕಂಪನಿ ಈ ಆಟವನ್ನು ಒಪ್ಪಲಿಲ್ಲ. ಮೂರು ಜೀವ, ಹತ್ತು ನಿಮಿಷದಲ್ಲಿ ಮುಗಿಯುವ ಸುತ್ತು, ಇವು ಇರಬೇಕೆಂಬುದು ಆ ಕಾಲದ ವ್ಯಾಪಾರದ ನಂಬಿಕೆ. ಕೊನೆಗೆ ಆಕಾರ್ನ್‌ಸಾಫ್ಟ್ ಪ್ರಕಟಿಸಿತು.

'ಎಲೀಟ್' ಆಟಗಾರನ ಕೈಗೆ ಕೊಡುತ್ತಿದ್ದದ್ದು 100 ಕ್ರೆಡಿಟ್ ಹಣ ಮತ್ತು ಕೋಬ್ರಾ ಮಾರ್ಕ್ ಥ್ರೀ ಎಂಬ ಒಂದು ನೌಕೆ. ಬೇರೆ ನೌಕೆ ಕೊಳ್ಳುವಂತಿರಲಿಲ್ಲ. ಟ್ಯಾಂಕ್ ತುಂಬಿಸಿದರೆ ಏಳು ಜ್ಯೋತಿರ್ವರ್ಷ, ಅದರಾಚೆ ಇಲ್ಲ. ಆದರೆ ನೌಕೆಯೊಳಗೆ ಏನಿಡಬೇಕೆಂಬುದು ನಮ್ಮದೇ ತೀರ್ಮಾನ. ಸರಕಿನ ಕೋಣೆ ದೊಡ್ಡದು ಮಾಡಿಸಲು 400 ಕ್ರೆಡಿಟ್, ಫ್ಯೂಯೆಲ್ ಸ್ಕೂಪಿಗೆ 525, ಕ್ಷಿಪಣಿಗಳನ್ನು ಕೆಡಿಸುವ ಯಂತ್ರಕ್ಕೆ 600. ಒಂದು ಊರಲ್ಲಿ ಧಾನ್ಯ ಕೊಂಡು ಇನ್ನೊಂದು ಊರಲ್ಲಿ ಕಂಪ್ಯೂಟರ್ ಮಾರುತ್ತ ಈ ಹಣ ಕೂಡಿಸಬೇಕು. ಮಾದಕವಸ್ತು, ಗುಲಾಮರು ಕೂಡ ಮಾರುಕಟ್ಟೆಯ ಪಟ್ಟಿಯಲ್ಲಿದ್ದರು. ಆಟ ತಡೆಯುತ್ತಿರಲಿಲ್ಲ, ಬೆನ್ನಟ್ಟಲು ಪೊಲೀಸರನ್ನು ಕಳಿಸುತ್ತಿತ್ತು ಅಷ್ಟೆ. ಥ್ಯಾಚರ್ ಪ್ರಧಾನಿಯಾಗಿದ್ದ, ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆಯುತ್ತಿದ್ದ ಬ್ರಿಟನ್ನಿನಲ್ಲಿ ಹೊರಬಂದ ಆಟ ಇದು. ತನ್ನ ಬಂಡವಾಳ ತನ್ನ ಪಾಡು ಎನ್ನುವ ಒಂಟಿ ವ್ಯಾಪಾರಿಯೇ ಅದರ ನಾಯಕ ಎನ್ನುವುದನ್ನು ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಆಕಸ್ಮಿಕವೆಂದು ಓದಲಾರೆ.

ಆ ಆಟದ ಹಲವು ನೌಕೆಗಳಿಗೆ ಹಾವುಗಳ ಹೆಸರು. ಕೋಬ್ರಾ, ಪೈಥಾನ್, ವೈಪರ್, ಮಾಂಬಾ, ಕ್ರೇಟ್. ಈ ಕೊನೆಯದನ್ನು ಮೊದಲು ಓದಿದಾಗ ನಕ್ಕುಬಿಟ್ಟಿದ್ದೆ. 'ಕ್ರೇಟ್' ಎಂಬುದು ಹಿಂದಿಯ 'ಕರೈತ್'ನಿಂದ ಇಂಗ್ಲಿಷಿಗೆ ಹೋದ ಪದ. ನಮ್ಮಲ್ಲಿ ಅದು ಕಟ್ಟು ಹಾವು. ಮಳೆಗಾಲದಲ್ಲಿ ಚಾಪೆ ಕೊಡವಿ ಮಲಗು ಎಂದು ಅಜ್ಜಿ ಹೇಳುತ್ತಿದ್ದುದು ಅದರ ಭಯಕ್ಕೇ. ವಸಾಹತಿನ ನಿಘಂಟಿನ ದಾರಿ ಹಿಡಿದು ಆ ಹಾವು ಅಂತರಿಕ್ಷಕ್ಕೂ ಹೋಗಿತ್ತು.

ನೌಕೆಯನ್ನೇ ಬದಲಿಸುವ ಸ್ವಾತಂತ್ರ್ಯ ಸಿಕ್ಕಿದ್ದು 1993ರ ಮುಂದಿನ ಭಾಗ 'ಫ್ರಾಂಟಿಯರ್'ನಲ್ಲಿ. ಅದು ಪೂರ್ಣವಾಗಿ ಅರಳಿದ್ದು 2014ರ ಡಿಸೆಂಬರಿನಲ್ಲಿ ಬಂದ 'ಎಲೀಟ್ ಡೇಂಜರಸ್'ನಲ್ಲಿ. ಇದು ಆನ್‌ಲೈನ್ ಆಟ. ಸಾವಿರಾರು ಜನರಿಗೆ ಒಂದೇ ಆಕಾಶ. ನಮ್ಮ ಕ್ಷೀರಪಥವನ್ನೇ ನಿಜವಾದ ಅಳತೆಯಲ್ಲಿ, ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳೊಂದಿಗೆ ಕಟ್ಟಿದ್ದಾರೆ. ಮೊದಲು ಸಿಗುವುದು ಸೈಡ್‌ವಿಂಡರ್ ಎಂಬ ಪುಟ್ಟ ನೌಕೆ, ಬೆಲೆ 32,000 ಕ್ರೆಡಿಟ್. ಮೇಲಿನ ತುದಿಯ ಅನಕೊಂಡದ ಬೆಲೆ ಸುಮಾರು 14 ಕೋಟಿ 70 ಲಕ್ಷ. ನೌಕೆ ನಾಶವಾದರೆ ಬೆಲೆಯ ಶೇಕಡಾ 5ರಷ್ಟು ತೆತ್ತು ಮರಳಿ ಪಡೆಯಬಹುದು. ಅಷ್ಟೂ ಇಲ್ಲದವನು ಮತ್ತೆ ಸೈಡ್‌ವಿಂಡರಿಗೆ ಬರಬೇಕು. ಆದ್ದರಿಂದಲೇ ಹಳಬರು ಹೊಸಬರಿಗೆ ಮೊದಲು ಹೇಳುವ ಬುದ್ಧಿಮಾತು: ಮರಳಿ ಕೊಳ್ಳಲಾಗದ ನೌಕೆಯನ್ನು ಹಾರಿಸಬೇಡ.

ಎರಡನೆಯ ಬುದ್ಧಿಮಾತು ತೂಕದ್ದು. ಕವಚ, ಬಂದೂಕು, ಸರಕು ಏನನ್ನು ಹೇರಿದರೂ ಒಂದು ಜಿಗಿತದ ದೂರ ಕುಗ್ಗುತ್ತದೆ. ದೂರ ಹೋಗುವವರು ಆಸ್ಪ್ ಎಕ್ಸ್‌ಪ್ಲೋರರಿನಂಥ ನೌಕೆ ಹಿಡಿದು ಬಂದೂಕುಗಳನ್ನು ಕಳಚಿಡುತ್ತಾರೆ. ಮೂರನೆಯದು ನಕ್ಷತ್ರಗಳದ್ದು. ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ತಾರೆಗಳಿಂದ ಇಂಧನ ಹೀರಬಹುದು, ತಣ್ಣನೆಯ ಕಂದು ಕುಬ್ಜಗಳಿಂದ ಆಗದು. ಪೈಲಟ್‌ಗಳು ಬಾಯಿಪಾಠ ಮಾಡುವ ಈ ಅಕ್ಷರಗಳ ಸಾಲು ಆಟದವರು ಹೊಸೆದದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಆ್ಯನಿ ಜಂಪ್ ಕ್ಯಾನನ್, ಗಾಜಿನ ಫಲಕಗಳ ಮೇಲೆ ಲಕ್ಷಾಂತರ ತಾರೆಗಳ ಬೆಳಕಿನ ಗೆರೆಗಳನ್ನು ನೋಡಿ ವಿಂಗಡಿಸುತ್ತ ನೆಲೆಗೊಳಿಸಿದ ಕ್ರಮ ಅದು. ಆ ಹೆಣ್ಣುಮಗಳ ಶ್ರಮವನ್ನು ಓದಿರದ ನಾನು ಕಂದು ಕುಬ್ಜಗಳ ನಡುವೆ ನಿಂತಿದ್ದೆ. ಸ್ಕೂಪ್ ಇದ್ದಿದ್ದರೂ ಅಲ್ಲಿ ಪ್ರಯೋಜನವಾಗುತ್ತಿರಲಿಲ್ಲ.

ಇಂಥವರಿಗಾಗಿಯೇ ಆಟಗಾರರು 2015ರಲ್ಲಿ 'ಫ್ಯೂಯೆಲ್ ರ‍್ಯಾಟ್ಸ್' ಎಂಬ ತಂಡ ಕಟ್ಟಿಕೊಂಡಿದ್ದರು. ಕಂಪನಿ ನೇಮಿಸಿದವರಲ್ಲ, ಆಟದ ನಿಯಮದಲ್ಲೂ ಇರಲಿಲ್ಲ. ಯಾರ ನೌಕೆ ಎಲ್ಲಿ ನಿಂತರೂ ಇಂಧನ ತಲುಪಿಸುತ್ತಾರೆ, ಹಣ ಕೇಳುವುದಿಲ್ಲ. ಕೇಳಿದ ಮೊದಲ ಪ್ರಶ್ನೆ, ಆಮ್ಲಜನಕದ ಗಡಿಯಾರ ಕಾಣುತ್ತಿದೆಯೇ ಎಂದು. ಹೌದೆಂದೆ. ಕೂಡಲೇ ಆಟದಿಂದ ಹೊರಬಂದು ಕಾಯಲು ಹೇಳಿದರು, ಗಡಿಯಾರ ಅಲ್ಲಿಗೆ ನಿಲ್ಲುತ್ತದಂತೆ. ಅರ್ಧ ಗಂಟೆಯ ಮೇಲೆ ಕರೆದಾಗ ಒಳಹೊಕ್ಕೆ. ಕತ್ತಲಲ್ಲಿ ಒಂದು ನೌಕೆ ಬಂದು ಪಕ್ಕ ನಿಂತಿತು. ಲಿಂಪೆಟ್ ಎಂಬ ಪುಟ್ಟ ಯಂತ್ರಗಳು ಒಂದೊಂದು ಟನ್ ಇಂಧನ ಹೊತ್ತು ನನ್ನತ್ತ ತೇಲಿ ಬಂದವು. ದೀಪಗಳು ಹತ್ತಿದವು.

ಒಂಟಿ ವ್ಯಾಪಾರಿಗಾಗಿ 1984ರಲ್ಲಿ ಕಟ್ಟಿದ ಲೋಕದಲ್ಲಿ, ಮೂವತ್ತು ವರ್ಷಗಳ ಬಳಿಕ ಜನ ಲಾಭದ ಲೆಕ್ಕವಿಲ್ಲದ ಒಂದು ಕಸುಬನ್ನು ತಾವೇ ಹುಟ್ಟಿಸಿಕೊಂಡರು. ಅದಕ್ಕೆ ಕಾರಣವಾದದ್ದು ಇಂಧನದ ಮಿತಿಯೇ. ಟ್ಯಾಂಕ್ ಎಂದೂ ಖಾಲಿಯಾಗದ ಲೋಕದಲ್ಲಿ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ.

ಹೊರಡುವ ಮುನ್ನ ಅವರ ನೌಕೆಯನ್ನು ಗಮನಿಸಿದೆ. ಅದರಲ್ಲಿ ಒಂದು ಬಂದೂಕೂ ಇರಲಿಲ್ಲ. ಬೇಗ ತಲುಪಬೇಕೆಂದು ಎಲ್ಲವನ್ನೂ ಕಳಚಿಟ್ಟಿದ್ದರು. ಮರುದಿನ ನಾನು ನನ್ನ ದೊಡ್ಡ ಬಂದೂಕು ಮಾರಿ, ಕವಚದ ಜಾಗದಲ್ಲಿ ಫ್ಯೂಯೆಲ್ ಸ್ಕೂಪ್ ಕೂರಿಸಿದೆ.