ರಾಯಚೂರು ಯುದ್ಧದ ಕಾಲನಿರ್ಣಯ: ಚಂದ್ರಗತಿಯ ಸಾಕ್ಷ್ಯವೂ ಹೊಸ ಪದವೀಧರರ ಸ್ವವಿವರ ಪತ್ರವೂ

ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನಿಗೂ ನಡೆದ ರಾಯಚೂರು ಯುದ್ಧವು ಕೃಷ್ಣಾ-ತುಂಗಭದ್ರೆಗಳ ನಡುವಣ ನಾಡಿನ ಇತಿಹಾಸದಲ್ಲಿ ಸುವಿದಿತವಾದ ಘಟನೆ. ಅದು ಕ್ರಿ.ಶ. ೧೫೨೦ನೆಯ ಮೇ ೧೯ರಂದು ನಡೆಯಿತೆಂದು ವಿದ್ಯಾರ್ಥಿಗಳು ಓದುತ್ತಾರೆ. ಆದರೆ ಯುದ್ಧವನ್ನು ವಿಸ್ತಾರವಾಗಿ ವರ್ಣಿಸಿದ ಪೋರ್ಚುಗೀಸ ನೂನಿಜನ ಬರಹದಲ್ಲಿ ಈ ವರ್ಷವಿಲ್ಲ. ರಾಬರ್ಟ್ ಸೀವೆಲ್ಲರು ೧೯೦೦ರಲ್ಲಿ ಪ್ರಕಟವಾದ ತಮ್ಮ ವಿಜಯನಗರದ ಇತಿಹಾಸದಲ್ಲಿ ಚಂದ್ರನ ಗತಿಯ ನೆರವಿನಿಂದ ಇದನ್ನು ನಿರ್ಣಯಿಸಿದರು. ಆ ನಿರ್ಣಯದ ಕ್ರಮವನ್ನು ವಿವರಿಸುವುದೂ, ರಾಯಚೂರು, ದೇವದುರ್ಗ, ಮಾನ್ವಿಗಳ ಕಾಲೇಜುಗಳಿಂದ ಹೊರಬೀಳುವ ಪದವೀಧರರಿಗೆ ಅದರಿಂದ ದೊರೆಯುವ ಪಾಠವನ್ನು ಸೂಚಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಾಕ್ಷಿಗಳನ್ನು ನೋಡೋಣ. ನೂನಿಜನು ಕುದುರೆ ವ್ಯಾಪಾರಿ. ಯುದ್ಧವಾಗಿ ಸುಮಾರು ಹದಿನೈದು ವರ್ಷಗಳ ತರುವಾಯ ವಿಜಯನಗರದಲ್ಲಿದ್ದವನು. ರಾಯನು ಶುಕ್ರವಾರವೇ ಕಾಳಗಕ್ಕೆ ಸಿದ್ಧನಾಗಿದ್ದನೆಂದೂ, ಆ ದಿನ ಶುಭವಲ್ಲವೆಂದು ಮಂತ್ರಿಗಳು ತಡೆದುದರಿಂದ ಮರುದಿನ ಶನಿವಾರ ಯುದ್ಧ ನಡೆಯಿತೆಂದೂ, ಅಂದು ಹೊಸ ಚಂದ್ರನ ದಿನವೆಂದೂ ಆತನು ಬರೆಯುತ್ತಾನೆ. ಅವನು ಕೊಡುವ ಕಾಲ ೧೫೨೨ರ ಮೇ ತಿಂಗಳು. ಫೆರಿಸ್ತನಾದರೋ ಹಿಜರಿ ೯೨೭ ಎನ್ನುತ್ತಾನೆ. ಅದು ೧೫೨೦ರ ಡಿಸೆಂಬರಿನಿಂದ ೧೫೨೧ರ ನವೆಂಬರಿನವರೆಗಿನ ಅವಧಿ. ಇನ್ನು ಪೋರ್ಚುಗೀಸ ಚರಿತ್ರಕಾರರ ಪ್ರಕಾರ, ಆದಿಲ್ ಶಹನ ಈ ಸಂಕಟದ ಸಮಯದಲ್ಲಿ ರೂಯಿ ದ ಮೆಲೊ ಎಂಬವನು ಗೋವೆಯ ಎದುರಿನ ಸೀಮೆಯನ್ನು ಹಿಡಿದನು. ಆಗ ಗವರ್ನರನಾದ ಸಿಕೇರನು ಕೆಂಪು ಸಮುದ್ರದ ದಂಡಯಾತ್ರೆಯಲ್ಲಿದ್ದನು. ಆ ಯಾತ್ರೆ ನಡೆದುದು ೧೫೨೦ರಲ್ಲಿ. ಹೀಗೆ ಒಂದೇ ಯುದ್ಧಕ್ಕೆ ಮೂರು ವರ್ಷಗಳು ಪ್ರಾಪ್ತವಾಗುತ್ತವೆ.

ಈ ಭಿನ್ನತೆಯ ನಡುವೆ ಶನಿವಾರವೂ ಹೊಸ ಚಂದ್ರನೂ ಕೂಡಿಬಂದವೆಂಬ ಮಾತನ್ನು ಗಣಿತದಿಂದ ಪರೀಕ್ಷಿಸಬಹುದು. ಚಂದ್ರನು ಇಂದಿನ ವಿಜ್ಞಾನದಲ್ಲಿ ಉಪಗ್ರಹ. ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಗ್ರಹ. ಅವನ ಸರಾಸರಿ ದಿನಗತಿ ೧೩ ಅಂಶಗಳಿಗಿಂತ ತುಸು ಹೆಚ್ಚು; ಸೂರ್ಯನದು ಸುಮಾರು ಒಂದು ಅಂಶ. ಇವರಿಬ್ಬರ ನಡುವಣ ಅಂತರ ೧೨ ಅಂಶ ಬೆಳೆದರೆ ಒಂದು ತಿಥಿ. ೩೬೦ ಅಂಶ ತುಂಬಿದರೆ, ಎಂದರೆ ಸುಮಾರು ೨೯.೫೩ ದಿನಗಳಲ್ಲಿ, ಒಂದು ಚಾಂದ್ರಮಾಸ. ಆದರೆ ಗತಿಯು ಸಮವಾಗಿರುವುದಿಲ್ಲ. ಭೂಮಿಗೆ ಸಮೀಪವಿರುವಾಗ ಚಂದ್ರನು ಶೀಘ್ರವಾಗಿಯೂ ದೂರವಿರುವಾಗ ಮಂದವಾಗಿಯೂ ಚಲಿಸುತ್ತಾನೆ. ಈ ವ್ಯತ್ಯಾಸಕ್ಕಾಗಿಯೇ ನಮ್ಮ ಜ್ಯೋತಿಷಿಗಳು ಮಂದಫಲವೆಂಬ ಸಂಸ್ಕಾರವನ್ನು ಕೊಟ್ಟರು. ಗ್ರಹಗಳ ಅಸಮಗತಿಗೆ ದೀರ್ಘವೃತ್ತಾಕಾರದ ಕಕ್ಷೆಯೇ ಕಾರಣವೆಂದು ಕೆಪ್ಲರನು ೧೬೦೯ರಲ್ಲಿ ತೋರಿಸಿದನು.

ಈ ಗಣಿತವನ್ನು ಪ್ರಯೋಗಿಸಿದರೆ, ೧೫೨೦ರಲ್ಲಿ ಸೂರ್ಯಚಂದ್ರರ ಸಂಗಮವು ಮೇ ೧೭, ಗುರುವಾರ, ಸೂರ್ಯೋದಯಕ್ಕೆ ಮುನ್ನವೇ ಆಗಿಹೋಗಿತ್ತು. ಶುಕ್ರವಾರ ಸಂಜೆಯ ವೇಳೆಗೆ ಚಂದ್ರರೇಖೆಯು ಪಡುವಣದಲ್ಲಿ ಕಾಣುವಷ್ಟು ಬೆಳೆದಿರುತ್ತದೆ. ಹಿಜರಿ ಗಣನೆಯಲ್ಲಿ ದಿನವು ಸೂರ್ಯಾಸ್ತದಿಂದ ಆರಂಭವಾಗುವುದರಿಂದ ಮೇ ೧೯, ಶನಿವಾರವು ೯೨೬ನೆಯ ವರ್ಷದ ಜಮಾದಿ-ಉಲ್-ಆಖಿರ್ ಮಾಸದ ಮೊದಲ ದಿನವಾಗುತ್ತದೆ. ೧೫೨೧ರಲ್ಲಿ ಸಂಗಮವು ಮೇ ೬, ಸೋಮವಾರದ ಸುಮಾರಿಗೆ ಬರುತ್ತದೆ. ಅಂದಮೇಲೆ ಆ ವರ್ಷದ ಮೇ ತಿಂಗಳಿಗೆ ನೂನಿಜನ ಶನಿವಾರ ಹೊಂದುವುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ೧೫೨೨ರಲ್ಲಿ ಸಂಗಮವು ಮೇ ೨೪-೨೫ರ ಸುಮಾರಿಗೆ, ಶನಿವಾರ ಭಾನುವಾರಗಳ ಸಂಧಿಯಲ್ಲಿ ಬರುತ್ತದೆ. ‘ಹೊಸ ಚಂದ್ರ’ ಎಂಬುದಕ್ಕೆ ಅಮಾವಾಸ್ಯೆಯೆಂದೇ ಅರ್ಥಮಾಡಿದರೆ, ಚಂದ್ರಗತಿಯೊಂದರಿಂದಲೇ ಆ ವರ್ಷವನ್ನು ತಳ್ಳಿಹಾಕಲಾಗದು. ಆದುದರಿಂದ ವರ್ಷದ ನಿರ್ಣಯಕ್ಕೆ ಸಿಕೇರನ ಯಾತ್ರೆಯ ಸಾಕ್ಷ್ಯವೂ, ದಿನದ ನಿರ್ಣಯಕ್ಕೆ ಚಂದ್ರನ ಸಾಕ್ಷ್ಯವೂ ಬೇಕಾಯಿತು. ಗಣಿತವು ಚರಿತ್ರಕಾರನ ವಿವೇಚನೆಯ ಸ್ಥಾನವನ್ನು ಆಕ್ರಮಿಸಲಾರದು, ಅದನ್ನು ತಿದ್ದಬಲ್ಲದು. ಸಂಗಮದ ಗುರುವಾರಕ್ಕೂ ಯುದ್ಧದ ಶನಿವಾರಕ್ಕೂ ಇರುವ ಅಂತರವನ್ನು ಸೀವೆಲ್ಲರು ಮರೆಮಾಚದೆ, ಅದಕ್ಕೆ ಕಾರಣವನ್ನು ವಿವರಿಸಿದರೆಂಬುದು ಗಮನಾರ್ಹ.

ಈಗ ಪದವೀಧರರ ಮಾತು. ಉದ್ಯೋಗಕ್ಕೆ ಅರ್ಜಿಯೊಡನೆ ಲಗತ್ತಿಸುವ, ರೂಢಿಯಲ್ಲಿ ಬಯೋಡೇಟಾ ಎನ್ನುವ ಸ್ವವಿವರ ಪತ್ರವೂ ಒಂದು ಐತಿಹಾಸಿಕ ದಾಖಲೆಯೇ. ಕೃಷ್ಣೆಯ ಕಡೆಯ ದೇವದುರ್ಗದಿಂದಲೂ ತುಂಗಭದ್ರೆಯ ಕಡೆಯ ಮಾನ್ವಿಯಿಂದಲೂ ಬರುವ ವಿದ್ಯಾರ್ಥಿಗಳಲ್ಲಿ ಮನೆತನಕ್ಕೆ ಮೊದಲ ಪದವೀಧರರಾದವರು ಅನೇಕರು. ಇಂತಹ ಪತ್ರವನ್ನು ಬರೆಯುವ ಬಗೆಯನ್ನು ಅವರಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ. ಪರಿಣಾಮವಾಗಿ ‘ಪರಿಶ್ರಮಿ’, ‘ಅಪಾರ ಆಸಕ್ತಿಯುಳ್ಳವನು’ ಎಂಬ ವಿಶೇಷಣಗಳೇ ಒಬ್ಬರ ಪತ್ರದಿಂದ ಮತ್ತೊಬ್ಬರ ಪತ್ರಕ್ಕೆ ಇಳಿದುಬರುತ್ತವೆ. ಶಾಸನಗಳ ಬಿರುದಾವಳಿಯನ್ನು ನಾವು ಹೇಗೆ ಓದುತ್ತೇವೆಯೋ, ಆಯ್ಕೆಮಾಡುವವರು ಇವನ್ನು ಹಾಗೆಯೇ ಓದುತ್ತಾರೆ: ಬಿರುದನ್ನು ದಾಟಿ ತಿಥಿಯನ್ನು ಹುಡುಕುತ್ತಾರೆ.

ಆದ್ದರಿಂದ ಪ್ರತಿಯೊಂದು ಹೇಳಿಕೆಗೂ ಕಾಲ, ಸ್ಥಳ, ಸಾಕ್ಷಿ ಈ ಮೂರು ಇರಬೇಕು. ‘ಇತಿಹಾಸದಲ್ಲಿ ಆಸಕ್ತಿ’ ಎಂಬುದಕ್ಕಿಂತ, ‘ನಮ್ಮೂರಿನ ಶಾಸನವೊಂದರ ತಿಥಿಯನ್ನು ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳ ನೆರವಿನಿಂದ ಕ್ರಿಸ್ತಶಕಕ್ಕೆ ಪರಿವರ್ತಿಸಿದ್ದೇನೆ, ಅಧ್ಯಾಪಕರು ಪರಿಶೀಲಿಸಿದ್ದಾರೆ’ ಎಂಬ ವಾಕ್ಯವು ಹೆಚ್ಚು ಬೆಲೆಯುಳ್ಳದ್ದು, ಆದರೆ ಆ ಕೆಲಸವನ್ನು ನಿಜವಾಗಿ ಮಾಡಿರಬೇಕು. ತಾನು ಮಾಡಿದ್ದನ್ನೂ ತನ್ನ ತಂಡ ಮಾಡಿದ್ದನ್ನೂ ಬೇರ್ಪಡಿಸಬೇಕು. ವ್ಯಾಸಂಗದ ನಡುವೆ ಒಂದು ವರ್ಷ ಬಿಟ್ಟುಹೋಗಿದ್ದರೆ ಅದನ್ನು ಮುಚ್ಚದೆ, ಹೊಲದ ಕೆಲಸವಾಗಲಿ ಅನಾರೋಗ್ಯವಾಗಲಿ, ಕಾರಣವನ್ನು ಒಂದೇ ಮಾತಿನಲ್ಲಿ ಹೇಳಬೇಕು. ವಿವರಿಸಿದ ಅಂತರವು ನಂಬಿಕೆಯನ್ನು ಕೆಡಿಸುವುದಿಲ್ಲ. ಅಡಗಿಸಿದ ಅಂತರವು ಉಳಿದ ಸತ್ಯಗಳನ್ನೂ ಸಂಶಯಕ್ಕೆ ಗುರಿಮಾಡುತ್ತದೆ.

ನೂನಿಜನು ವರ್ಷವನ್ನು ತಪ್ಪಿ ಬರೆದರೂ ವಾರವನ್ನೂ ಚಂದ್ರನನ್ನೂ ಹೆಸರಿಸಿದ್ದರಿಂದ, ಸುಮಾರು ನಾಲ್ಕು ಶತಮಾನಗಳ ಮೇಲೆ ಅವನ ಮಾತನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಪರೀಕ್ಷೆಗೆ ಒಡ್ಡಿಕೊಳ್ಳುವಂತೆ ಬರೆಯುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿತರೆ, ಇತಿಹಾಸದ ಪದವಿಯು ಅವರಿಗೆ ಕೇವಲ ಅಲಂಕಾರವಾಗಿ ಉಳಿಯಲಾರದು.