ಎಂಪಿ3 ಸೀಡಿ

ಹಾಡು, ಭಜನೆ, ನಾಟಕ ಮೊದಲಾದವುಗಳ ಧ್ವನಿಯನ್ನು ಕುಗ್ಗಿಸಿ, ಫೈಲುಗಳ ರೂಪದಲ್ಲಿ ಬರೆದ ಸೀಡಿ. ಮಾಮೂಲಿ ಆಡಿಯೊ ಸೀಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ; ಇದರಲ್ಲಿ ಸುಮಾರು 12 ಗಂಟೆ. ಎಂಪಿ3 ಓದಬಲ್ಲ ವಿಸಿಡಿ, ಡಿವಿಡಿ ಪ್ಲೇಯರುಗಳಲ್ಲಿ ಇದನ್ನು ಹಾಕಿ ಕೇಳಬಹುದು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಹಾಡುಗಾರಿಕೆಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಇಲ್ಲಿಯ ದೊಡ್ಡಾಟ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿಗೆ. ಮೈಲಾರಲಿಂಗನ ಕಥೆ ಹಾಡುವ ಗೊರವರಿಗಾಗಲಿ, ಪುರಾಣ ಹೇಳುವವರಿಗಾಗಲಿ ಗಡಿಯಾರದ ಹಂಗಿಲ್ಲ.

ಒಂಬತ್ತು ಗಂಟೆಯ ಆಟವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕ್ಯಾಸೆಟ್ಟಿನಲ್ಲಾದರೆ 90 ನಿಮಿಷದವು ಆರು ಬೇಕು. ಪ್ರತಿ 45 ನಿಮಿಷಕ್ಕೆ ಮಗ್ಗುಲು ಬದಲಿಸುವಾಗ ಪದ ತುಂಡಾಗುತ್ತದೆ. ಕುಗ್ಗಿಸದ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುವುದರಿಂದ ಆಡಿಯೊ ಸೀಡಿಗಳಾದರೆ ಏಳು. ಸೆಕೆಂಡಿಗೆ 128 ಕಿಲೋಬಿಟ್ ದರದ ಎಂಪಿ3ಯಲ್ಲಿ ನಿಮಿಷಕ್ಕೆ 1 ಎಂಬಿಗೂ ತುಸು ಕಡಿಮೆ. ಇಡೀ ಆಟ 520 ಎಂಬಿಯೊಳಗೆ ಮುಗಿದು, 700 ಎಂಬಿಯ ಒಂದೇ ಸೀಡಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ.

ಈ ಕುಗ್ಗಿಸುವ ವಿದ್ಯೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರ ದುಡಿಮೆಯಿಂದ ಬೆಳೆದದ್ದು. 1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಅದರ ತಳಹದಿ ಮನುಷ್ಯನ ಕಿವಿಯ ಸ್ವಭಾವ. ಮದ್ದಲೆಯ ಗಟ್ಟಿ ಪೆಟ್ಟು ಬಿದ್ದ ಕ್ಷಣದಲ್ಲಿ ಅದರ ಆಸುಪಾಸಿನ ಸಣ್ಣ ಸದ್ದು ನಮಗೆ ಕೇಳಿಸುವುದೇ ಇಲ್ಲ. ಧ್ವನಿಯನ್ನು ಸೆಕೆಂಡಿನ ನಲವತ್ತನೆಯ ಒಂದು ಪಾಲಿನಷ್ಟು ಸಣ್ಣ ಚೂರುಗಳಾಗಿ ಒಡೆದು, ಹಾಗೆ ಮುಚ್ಚಿಹೋಗುವ ಭಾಗಕ್ಕೆ ಕಡಿಮೆ ಬಿಟ್‌ಗಳನ್ನು ಕೊಡಲಾಗುತ್ತದೆ. ಅತಿಯಾಗಿ ಕುಗ್ಗಿಸಿದರೆ ಮೊದಲು ಕೆಡುವುದು ಕಂಚಿನ ತಾಳ: ಅದರ ಝೇಂಕಾರ ನೀರೊಳಗಿಂದ ಬಂದಂತೆ ಅಲುಗಾಡುತ್ತದೆ. ಮುಖವೀಣೆಯ ಏರುಸ್ವರವೂ ಹರಿತ ಕಳೆದುಕೊಳ್ಳುತ್ತದೆ. ಮಾತೇ ಪ್ರಧಾನವಾದ ಪ್ರವಚನಕ್ಕೆ 64 ಕಿಲೋಬಿಟ್ ಮೋನೊ ಸಾಕು. ತಾಳ, ಮುಖವೀಣೆ ಇರುವ ದೊಡ್ಡಾಟವನ್ನು 96ಕ್ಕಿಂತ ಕೆಳಗಿಳಿಸುವುದು ಹಾಡಿಗೆ ಮಾಡುವ ಅನ್ಯಾಯ. ಒಂದೇ ಮೈಕಿನಲ್ಲಿ ಹಿಡಿದ ಧ್ವನಿಗೆ ಸ್ಟೀರಿಯೊ ಬೇಕಿಲ್ಲ. ಅಷ್ಟೂ ಬಿಟ್‌ಗಳು ಮೋನೊಗೇ ಸಿಗಲಿ.

ಹಳೆಯ ಕ್ಯಾಸೆಟ್ಟಿನಿಂದ ಇಳಿಸುವಾಗ ಟೇಪಿನ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರು ಕೊಟ್ಟು, ಅತಿ ಗಟ್ಟಿಯಾದ ಜಾಗದಲ್ಲೂ ಮಟ್ಟದ ಗೀಟು ಕೆಂಪಿಗೆ ಮುಟ್ಟದಂತೆ ನೋಡಿಕೊಳ್ಳಬೇಕು. ಅಲ್ಲಿ ಒಡೆದ ದನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಮೊದಲು ಕುಗ್ಗಿಸದ ವೇವ್ ಫೈಲಾಗಿ ಉಳಿಸಿಕೊಂಡು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಕತ್ತರಿಸಿ, ಕೊನೆಗೆ ಎಂಪಿ3 ಮಾಡುವುದು ಸರಿಯಾದ ಕ್ರಮ. ಆಟವನ್ನು ಒಂದೇ ಫೈಲಾಗಿಡದೆ ಸನ್ನಿವೇಶಗಳ ಪ್ರಕಾರ 15–20 ನಿಮಿಷದ ತುಂಡು ಮಾಡಬೇಕು. ಕರೆಂಟ್ ಹೋಗಿ ಬಂದಾಗ ಹಲವು ಪ್ಲೇಯರುಗಳು ಮತ್ತೆ ಮೊದಲಿನಿಂದ ಶುರುಮಾಡುತ್ತವೆ. ಫೈಲು ಚಿಕ್ಕದಿದ್ದರೆ ರಿಮೋಟಿನಲ್ಲಿ ನಂಬರು ಒತ್ತಿ ಬಿಟ್ಟ ಜಾಗದ ಹತ್ತಿರ ಹೋಗಬಹುದು.

ಹೆಸರಿಡುವುದರಲ್ಲಿ ಎಚ್ಚರ ಬೇಕು. ಬಹಳಷ್ಟು ಪ್ಲೇಯರುಗಳಿಗೆ ಕನ್ನಡ ಲಿಪಿ ಓದಲು ಬಾರದು. ಟಿವಿ ಮೇಲೆ ಬರೀ ಚೌಕಗಳು ಕಾಣುತ್ತವೆ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯಬೇಕು. ಎಂಟಕ್ಕಿಂತ ಹೆಚ್ಚಿನ ಅಕ್ಷರವನ್ನು ಕತ್ತರಿಸುವ ಯಂತ್ರಗಳೂ ಇವೆ. ಆರಂಭದಲ್ಲಿ 01, 02 ಎಂದೇ ಅಂಕಿ ಹಾಕಬೇಕು, ಇಲ್ಲವಾದರೆ 2ಕ್ಕಿಂತ ಮೊದಲು 10 ಬಂದು ಕಥೆ ಹಿಂದುಮುಂದಾಗುತ್ತದೆ. ಫೈಲಿನೊಳಗಿನ ವಿವರಪಟ್ಟಿಯಲ್ಲಿ ಹಾಡಿದವರ ಜೊತೆಗೆ ರಚಿಸಿದವರ ಹೆಸರನ್ನೂ ನಮೂದಿಸುವುದು ಒಳ್ಳೆಯದು. ‘ಭೀಮೇಶಕೃಷ್ಣ’ ಅಂಕಿತದ ಪದವಾದರೆ ಹರಪನಹಳ್ಳಿ ಭೀಮವ್ವನ (1823–1903) ಹೆಸರು ಅಲ್ಲಿರಲೇಬೇಕು.

ಸೀಡಿ ಬರೆಯುವಾಗ ‘ಡೇಟಾ ಸೀಡಿ’ ಎಂಬುದನ್ನೇ ಆರಿಸಬೇಕು. ‘ಆಡಿಯೊ ಸೀಡಿ’ ಆರಿಸಿದರೆ ತಂತ್ರಾಂಶ ಎಲ್ಲವನ್ನೂ ಮತ್ತೆ ಹಿಗ್ಗಿಸಿ 80 ನಿಮಿಷಕ್ಕೇ ನಿಲ್ಲಿಸುತ್ತದೆ. ಎಲ್ಲ ಫೈಲುಗಳನ್ನೂ ಒಂದೇ ಸಲ ಬರೆದು ಸೀಡಿಯನ್ನು ಮುಚ್ಚಬೇಕು, ಅಂದರೆ ಫೈನಲೈಸ್ ಮಾಡಬೇಕು. ಆಮೇಲೆ ಸೇರಿಸಿದ ಭಾಗ ಕೆಲವು ಪ್ಲೇಯರುಗಳಿಗೆ ಕಾಣುವುದಿಲ್ಲ. ಅಳಿಸಿ ಬರೆಯುವ ಸೀಡಿಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಲೆನ್ಸ್ ಹಳತಾದ ಯಂತ್ರ ಅವನ್ನು ತಿರಸ್ಕರಿಸುತ್ತದೆ.

ಬರೆದ ಸೀಡಿಯ ಆಯಸ್ಸನ್ನು ತೀರ್ಮಾನಿಸುವುದು ಅದರೊಳಗಿನ ಬಣ್ಣದ ಪದರ. ಬಿಸಿಲಿಗೆ, ಸೆಕೆಗೆ ಆ ಪದರ ಮಾಸುತ್ತದೆ. ಈ ಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಇಟ್ಟ ಸೀಡಿ ಬೇಗ ಹಾಳಾಗುತ್ತದೆ. ಧೂಳು ಕೂತರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುಗಿಸಿ ಅಲ್ಲ. ಗೀರು ಬಿದ್ದ ಆಡಿಯೊ ಸೀಡಿ ಚಟ್ ಎಂದು ಮುಂದೆ ಹೋಗಬಹುದು. ಎಂಪಿ3 ಸೀಡಿ ಆ ಫೈಲಿನಲ್ಲೇ ಸಿಕ್ಕಿಬೀಳುವ ಸಂಭವ ಹೆಚ್ಚು. ಫೈಲುಗಳ ಪಟ್ಟಿ ಇರುವ ಒಳಸುತ್ತು ಕೆಟ್ಟರಂತೂ ಇಡೀ ಸೀಡಿಯೇ ತೆರೆಯುವುದಿಲ್ಲ.

ಯುಎಸ್‌ಬಿ ಕಿಂಡಿ ಇರುವ ಪ್ಲೇಯರಿನಲ್ಲಿ ಇವೇ ಫೈಲುಗಳನ್ನು ಪೆನ್‌ಡ್ರೈವಿನಿಂದ ನುಡಿಸಬಹುದು; ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಹೆಚ್ಚಿನ ಯಂತ್ರಗಳು ಓದುತ್ತವೆ. ಮೇಳದ ಒಂದೇ ಒಂದು ಧ್ವನಿಮುದ್ರಣ ಸೀಡಿಯಲ್ಲಿ ಮಾತ್ರ ಉಳಿದಿರುವವರು ಅದನ್ನು ತಡಮಾಡದೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ಇಳಿಸಿಕೊಳ್ಳಬೇಕು. ಇಳಿಸುವಾಗ ಮತ್ತೊಮ್ಮೆ ಕುಗ್ಗಿಸದೆ ಫೈಲನ್ನು ಇದ್ದಂತೆಯೇ ನಕಲು ಮಾಡಬೇಕು.